ನೋವೊಂದೇ ಸಾಕ್ಷಿಯೇ?

ಮದ್ದೂರು ತಾಲ್ಲೂಕಿನ ಆತಗೂರಿಗೆ ಇತಿಹಾಸದಲ್ಲಿ ಹೆಸರು ಬಂದದ್ದು ಒಂದು ನಾಯಿಯಿಂದ. ಕ್ರಿ.ಶ. 949–50ರ ಆತಕೂರು ಶಾಸನವನ್ನು ಕನ್ನಡ ಓದಿದವರು ಬಲ್ಲರು. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ್ದು, ಗಂಗರ ಎರಡನೆಯ ಬೂತುಗನ ಪರಾಕ್ರಮ, ಅವನಿಗೆ ದಕ್ಕಿದ ನಾಡುಗಳ ಪಟ್ಟಿ ಎಲ್ಲವೂ ಅದರಲ್ಲಿದೆ. ಆದರೆ ಕಲ್ಲು ನಿಂತದ್ದು ಇವರಾರಿಗಾಗಿಯೂ ಅಲ್ಲ. ಬೂತುಗನ ಬಂಟ ಮಣಲೇರನಿಗೆ ಶೌರ್ಯದ ಮೆಚ್ಚುಗೆಯಾಗಿ ಸಿಕ್ಕಿದ್ದ ‘ಕಾಳಿ’ ಎಂಬ ಬೇಟೆನಾಯಿ ಕಾಡುಹಂದಿಯ ಮೇಲೆ ಬಿದ್ದಿತು. ಎರಡೂ ಒಂದನ್ನೊಂದು ಕೊಂದು ಸತ್ತವು. ಆ ನಾಯಿಯ ನೆನಪಿಗೆ ಊರಿನ ಚಲ್ಲೇಶ್ವರನ ಗುಡಿಯ ಮುಂದೆ ವೀರಗಲ್ಲು ನೆಟ್ಟು, ಪೂಜೆಗೆಂದು ಕೆರೆಯ ಕೆಳಗಿನ ಭೂಮಿ ಬಿಟ್ಟುಕೊಟ್ಟರು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಹಲ್ಲು ಒಂದು ಕಡೆ, ಹಂದಿಯ ಕೋರೆ ಇನ್ನೊಂದು ಕಡೆ: ಸಾವಿರ ವರ್ಷದ ಹಿಂದಿನ ಶಿಲ್ಪಿಗೆ ಕಂಡ ಯುದ್ಧ ಅದು.

ಶಾಸನದ ಕೊನೆಯಲ್ಲಿ ಒಂದು ಷರತ್ತಿದೆ. ಗುಡಿಯ ಆಸ್ತಿ ನೋಡಿಕೊಳ್ಳುವ ಗೊರವ ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪ ಅವನ ತಲೆಗೆ. ಅಂದರೆ ಬಾಯಿಗೆ ತುತ್ತು ಇಡುವ ಮೊದಲು ಅವನು ಎದ್ದುಹೋಗಿ ಒಂದನ್ನು ನೋಡಿ ಬರಬೇಕಿತ್ತು. ದಿನವೂ, ತಪ್ಪದೆ, ಬೇಸರವಾದರೂ. ನಮ್ಮ ಧರ್ಮಗಳು ಬಾಯಿಯ ಬಗ್ಗೆ ಇಂಥ ಕಟ್ಟುಪಾಡುಗಳನ್ನು ಹೇರಳವಾಗಿ ಮಾಡಿವೆ. ಯಾವಾಗ ಉಣ್ಣಬೇಕು, ಯಾರ ಕೈಯಡುಗೆ ಉಣ್ಣಬಾರದು, ಎಷ್ಟು ಸಲ ಮುಕ್ಕಳಿಸಬೇಕು, ಯಾವ ತಿಥಿಯಲ್ಲಿ ಹಲ್ಲುಕಡ್ಡಿ ಮುಟ್ಟಬಾರದು, ಎಲ್ಲಕ್ಕೂ ವಿಧಿಯಿದೆ. ಬಾಯಿಯ ಒಳಗೆ ಏನಾಗಿದೆ ಎಂದು ದಿನವೂ ನೋಡಿಕೋ ಎನ್ನುವ ವಿಧಿ ಮಾತ್ರ ಕಾಣುವುದಿಲ್ಲ.

ನೋಡದೆ ಇದ್ದರೆ ಏನು ಹೋಯಿತು, ನೋವಾದರೆ ತಾನೇ ಗೊತ್ತಾಗುತ್ತದಲ್ಲ ಎನ್ನುವುದು ಲೋಕರೂಢಿಯ ಉತ್ತರ. ಮಂಡ್ಯ ಸೀಮೆಯ ಮಾತಲ್ಲಿ ಹೇಳುವುದಾದರೆ, “ನೋಯ್ತಾ ಇಲ್ವಲ್ಲ, ಬುಡಿ ಅತ್ಲಾಗೆ.” ಈ ಮಾತು ಸೋಮಾರಿತನದ್ದು ಎಂದು ವೈದ್ಯರು ಬೈಯಬಹುದು. ತತ್ತ್ವಶಾಸ್ತ್ರ ಓದಿದವರಿಗೆ ಅದರಲ್ಲಿ ಒಂದು ಪೂರ್ಣಪ್ರಮಾಣದ ವಾದವೇ ಕಾಣುತ್ತದೆ. ಇಂದ್ರಿಯಕ್ಕೆ ತಾಗಿದ್ದಷ್ಟೇ ನಿಜ, ಊಹೆಗೆ ಬೆಲೆಯಿಲ್ಲ ಎಂದವರು ಚಾರ್ವಾಕರು. ಕಾಣದ ದೇವರಿಗೆ ದೀಪ ಹಚ್ಚುವ, ಕಾಣದ ಪುಣ್ಯಕ್ಕೆ ಹರಕೆ ಹೊರುವ ಮನುಷ್ಯ ತನ್ನ ಹಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಅಪ್ಪಟ ಚಾರ್ವಾಕನಾಗಿಬಿಡುತ್ತಾನೆ. ನೋವು ಬಂದು ಬಾಗಿಲು ಬಡಿಯುವವರೆಗೆ ರೋಗವೇ ಇಲ್ಲ.

ನೈಯಾಯಿಕರು ಇದನ್ನು ಒಪ್ಪಲಿಲ್ಲ. ಪ್ರತ್ಯಕ್ಷದ ಜೊತೆಗೆ ಅನುಮಾನವೂ ಪ್ರಮಾಣವೇ ಎಂದು ಅವರು ಹಟ ಹಿಡಿದರು. ಬೆಟ್ಟದ ಮೇಲಿನ ಹೊಗೆ ನೋಡಿ ಬೆಂಕಿ ತಿಳಿಯುವ ಉದಾಹರಣೆ ಎಲ್ಲರಿಗೂ ಗೊತ್ತು. ನ್ಯಾಯಭಾಷ್ಯದಲ್ಲಿ ಇನ್ನೂ ಚೆಂದದ್ದೊಂದಿದೆ: ಹೊಳೆಯ ನೀರು ಮೊದಲಿನಂತಿರದೆ ಉಕ್ಕಿ ಬಂದರೆ ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು. ಮದ್ದೂರಿನವರಿಗೆ ಇದನ್ನು ಶಾಸ್ತ್ರ ಓದಿ ಕಲಿಯಬೇಕಾಗಿಲ್ಲ. ಊರಲ್ಲಿ ಒಂದು ಹನಿ ಬೀಳದೆಯೂ ಶಿಂಷಾ ಬಣ್ಣ ಬದಲಿಸಿದರೆ, ತುಮಕೂರು ಸೀಮೆಯಲ್ಲಿ ಮಳೆ ಹೊಡೆದಿದೆ ಎಂದು ದಡದವರು ಲೆಕ್ಕ ಹಾಕುತ್ತಾರೆ. ನೀರು ಕಾಲಿಗೆ ತಾಗುವವರೆಗೆ ಕಾಯುವುದಿಲ್ಲ. ಹೊಳೆಯ ವಿಷಯದಲ್ಲಿ ಇಷ್ಟು ಚುರುಕಾದ ಬುದ್ಧಿ, ಹಲ್ಲುಜ್ಜುವಾಗ ಉಗುಳಿದ ನೀರು ಕೆಂಪಗಿದ್ದರೆ ಏಕೆ ಮಂಕಾಗುತ್ತದೆ?

ಪ್ರಶ್ನೆ ಇಲ್ಲಿಂದ ಗಂಭೀರವಾಗುತ್ತದೆ. ಬಾಯಿಯ ಮಟ್ಟಿಗೆ ನೋವು ಬಹಳ ಕೆಟ್ಟ ಸಾಕ್ಷಿ. ತಡವಾಗಿ ಬರುತ್ತದೆ, ಬಂದಮೇಲೆ ಸುಳ್ಳೂ ಹೇಳುತ್ತದೆ.

ಹಲ್ಲಿನ ಹೊರಪದರ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಅದರಲ್ಲಿ ನರವಿಲ್ಲ. ಸಕ್ಕರೆ ಸಿಕ್ಕ ಬ್ಯಾಕ್ಟೀರಿಯಾಗಳು ಆಮ್ಲ ಬಿಡುತ್ತವೆ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಖನಿಜ ಕರಗತೊಡಗುತ್ತದೆ. ಆಮ್ಲದ ಈ ಸೂತ್ರವನ್ನು ಅಮೆರಿಕದ ದಂತವೈದ್ಯ ಮಿಲ್ಲರ್ 1890ರಲ್ಲಿ ವಿವರಿಸಿದ. ಅದಕ್ಕೂ ಮೊದಲು ಹಲ್ಲು ಕೊರೆಯುವುದು ಹುಳ ಎಂಬ ನಂಬಿಕೆ ಬಹುಕಾಲ ಲೋಕದ ತುಂಬ ಇತ್ತು. ನಮ್ಮ ‘ಹುಳುಕು ಹಲ್ಲು’ ಅದರದೇ ಗುರುತು. ಮೊದಲ ಕುರುಹು ಕಪ್ಪು ತೂತಲ್ಲ. ಒಸಡಿನ ಅಂಚಿನಲ್ಲಿ, ಹಲ್ಲನ್ನು ಒರೆಸಿ ಒಣಗಿಸಿದಾಗ ಮಾತ್ರ ಕಾಣುವ ಸುಣ್ಣದಂಥ ಬಿಳಿ ಮಚ್ಚೆ ಅದು. ಆ ಹಂತದಲ್ಲಿ ಫ್ಲೋರೈಡ್ ಇರುವ ಪೇಸ್ಟು ಮತ್ತು ಸಿಹಿಯ ಹತೋಟಿಯಿಂದ ಹಾನಿಯನ್ನು ಹಿಮ್ಮೆಟ್ಟಿಸಬಹುದು. ನೋವು? ಎಳ್ಳಷ್ಟೂ ಇಲ್ಲ. ಹುಳುಕು ಒಳಪದರಕ್ಕೆ ಇಳಿದಮೇಲೆ ತಣ್ಣೀರಿಗೆ, ಬೆಲ್ಲಕ್ಕೆ ಜುಂ ಎನ್ನುತ್ತದೆ. ಇನ್ನೂ ಒಳಗೆ, ನರ ಮತ್ತು ರಕ್ತನಾಳ ಇರುವ ತಿರುಳಿಗೆ ತಾಗಿದಾಗ ರಾತ್ರಿ ನಿದ್ದೆ ಕೆಡಿಸುವ ಸೆಳೆತ ಶುರು. ಬಿಸಿ ಕಾಫಿ ಕುಡಿದರೆ ಹೆಚ್ಚಾಗಿ, ಲೋಟ ಕೆಳಗಿಟ್ಟಮೇಲೂ ಬಹಳ ಹೊತ್ತು ನಿಲ್ಲದ ನೋವು ಅದು.

ಆಮೇಲೆ ಒಂದು ದಿನ ನೋವು ನಿಂತುಹೋಗುತ್ತದೆ.

ಇಲ್ಲೇ ಮನುಷ್ಯ ಮೋಸಹೋಗುವುದು. ನೋವು ತಡೆಯಲಾರದೆ ಊರದೇವತೆಗೆ ಹರಕೆ ಹೊತ್ತಿರುತ್ತಾನೆ, ಅಥವಾ ಲವಂಗದೆಣ್ಣೆ ಅದ್ದಿದ ಹತ್ತಿ ಇಟ್ಟಿರುತ್ತಾನೆ, ಅಥವಾ ಅಂಗಡಿಯಲ್ಲಿ ಕೇಳಿ ಎರಡು ಮಾತ್ರೆ ನುಂಗಿರುತ್ತಾನೆ. ನಾಲ್ಕಾರು ದಿನದಲ್ಲಿ ನೋವು ಮಾಯ. ಯಾವುದನ್ನು ಮಾಡಿದ್ದನೋ ಅದಕ್ಕೆ ಕೀರ್ತಿ. ನಿಜದಲ್ಲಿ ಆಗಿರುವುದು ಬೇರೆ: ತಿರುಳು ಸತ್ತಿದೆ. ನೋವು ಹೇಳುವ ನರವೇ ಇಲ್ಲವಾದ್ದರಿಂದ ಸುದ್ದಿ ನಿಂತಿದೆ. ಸೋಂಕು ಬೇರಿನ ತುದಿ ದಾಟಿ ದವಡೆಯ ಮೂಳೆಯ ಕಡೆ ನಡೆದಿದೆ. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟುಹಾಕುವುದನ್ನು ನಮ್ಮ ಹಿರಿಯರು ಕಾಕತಾಳೀಯ ಎಂದರು. ಹಲ್ಲುನೋವು ವಾಸಿಯಾದ ಕಥೆಗಳಲ್ಲಿ ದೊಡ್ಡ ಪಾಲು ಆ ಜಾತಿಯವು. ಹರಕೆ ತೀರಿಸಬೇಡಿ ಎಂದಲ್ಲ. ತೀರಿಸಿ ಬರುವ ದಾರಿಯಲ್ಲಿ ದಂತವೈದ್ಯರ ಬಳಿಯೂ ಹೋಗಬೇಕು, ಏಕೆಂದರೆ ವಾರಗಳ ನಂತರ ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದರೆ ಆ ಸತ್ತ ಹಲ್ಲು ಮಾತಾಡುತ್ತಿದೆ ಎಂದೇ ಅರ್ಥ. ಮುಖ ಅಥವಾ ಗದ್ದದ ಕೆಳಗೆ ಊದಿ, ಜ್ವರ ಬಂದು, ಎಂಜಲು ನುಂಗಲೂ ಕಷ್ಟವಾದರೆ ಅದು ಬೆಳಗಿನವರೆಗೆ ಕಾಯುವ ವಿಷಯವೇ ಅಲ್ಲ. ಊತ ಉಸಿರಿನ ದಾರಿಯನ್ನು ಮುಚ್ಚಬಲ್ಲದು. ಅದೇ ಹೊತ್ತಿಗೆ ಆಸ್ಪತ್ರೆಗೆ.

ಒಸಡಿನ ಕಾಯಿಲೆ ಇದಕ್ಕಿಂತಲೂ ಮೌನಿ. ಉಜ್ಜಿದಾಗ ರಕ್ತ, ಬಾಯಿವಾಸನೆ, ಒಸಡು ಕೆಳಗೆ ಸರಿದು ಹಲ್ಲು ಉದ್ದವಾದಂತೆ ಕಾಣುವುದು, ಮೊದಲಿಲ್ಲದ ಸಂದು, ಕೊನೆಗೆ ಅಲುಗಾಟ. ವರ್ಷಗಟ್ಟಲೆ ನಡೆಯುವ ಈ ಕುಸಿತದಲ್ಲಿ ನೋವಿನ ಪಾತ್ರ ತೀರ ಕಡಿಮೆ. ರಕ್ತ ಕಂಡವರು ಮಾಡುವ ಮೊದಲ ಕೆಲಸ ಬ್ರಷ್ ಬಿಡುವುದು. ಪಾಚಿ ಇನ್ನಷ್ಟು ಕಟ್ಟುತ್ತದೆ, ರಕ್ತ ಇನ್ನಷ್ಟು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಸಡು ಬೇಗ ಹಾಳಾಗುತ್ತದೆ, ಹಾಳಾದ ಒಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಬೀಡಿ ಸೇದುವವರಲ್ಲಿ ಇನ್ನೊಂದು ವಿಚಿತ್ರ: ನಿಕೋಟಿನ್ ರಕ್ತನಾಳಗಳನ್ನು ಬಿಗಿಯುವುದರಿಂದ ಒಸಡು ಕೊಳೆಯುತ್ತಿದ್ದರೂ ರಕ್ತ ಅಷ್ಟಾಗಿ ಬರುವುದಿಲ್ಲ. ಹೊಗೆ ಕಂಡು ಬೆಂಕಿ ತಿಳಿಯಬೇಕಾದ ಕಡೆ, ಹೊಗೆಯೇ ಕುರುಹನ್ನು ಅಳಿಸುತ್ತದೆ ಎಂದರೆ ನೈಯಾಯಿಕರು ಏನೆನ್ನುತ್ತಿದ್ದರೋ!

ಈ ಸೀಮೆಯಲ್ಲಿ ಹಲ್ಲು ಹೋದದ್ದು ಗೊತ್ತೇ ಆಗದಿರಲು ಇನ್ನೊಂದು ಕಾರಣವುಂಟು, ಅದು ರಾಗಿ ಮುದ್ದೆ. ಮುದ್ದೆಯನ್ನು ಅಗಿಯುವವನು ಹೊರಗಿನವನು. ಮುರಿದು, ಬೆರಳಲ್ಲಿ ಉಂಡೆಮಾಡಿ, ಬಸ್ಸಾರಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟರೆ ಜಾರಿ ಒಳಗೆ ಇಳಿಯಬೇಕು. ಹಲ್ಲಿನ ಹಂಗಿಲ್ಲದ ಊಟ. ಹಿಂದಿನ ದವಡೆ ಹಲ್ಲುಗಳು ಒಂದೊಂದಾಗಿ ಬಿದ್ದರೂ ಎರಡು ಹೊತ್ತಿನ ಊಟಕ್ಕೆ ಕುಂದಿಲ್ಲ. ಕಬ್ಬು ಸಿಗಿಯಲಾಗದೆ ಹಿರಿಯರು ಆಲೆಮನೆಯ ಹತ್ತಿರ ಸುಮ್ಮನೆ ನಿಂತಾಗಲೋ, ಅಡಿಕೆ ಕಡಿಯಲಾಗದೆ ಅಜ್ಜಿ ಕುಟ್ಟಾಣಿ ಹಿಡಿದಾಗಲೋ ಮಾತ್ರ ನಷ್ಟ ಲೆಕ್ಕಕ್ಕೆ ಬರುತ್ತದೆ. ಅಷ್ಟಕ್ಕೂ ಬೊಚ್ಚುಬಾಯಿ ನಮ್ಮಲ್ಲಿ ದೇವರಿಗೂ ಬಂದಿದೆ. ಶತಪಥ ಬ್ರಾಹ್ಮಣದಲ್ಲಿ ಪೂಷನ್ ಯಜ್ಞದ ಭಾಗವೊಂದನ್ನು ಬಾಯಿಗಿಟ್ಟು ಹಲ್ಲು ಕಳೆದುಕೊಳ್ಳುತ್ತಾನೆ. ಅಂದಿನಿಂದ ಅವನಿಗೆ ಹಿಟ್ಟಿನ ಗಂಜಿಯೇ ನೈವೇದ್ಯ. ಕೆಲವು ಪುರಾಣಗಳಲ್ಲಿ ದಕ್ಷಯಜ್ಞದ ದಿನ ಅವನ ಹಲ್ಲು ಉದುರಿಸಿದವನು ವೀರಭದ್ರ. ಹಲ್ಲಿಲ್ಲದ ದೇವರನ್ನು ಯಜ್ಞದಿಂದ ಹೊರಗೆ ಹಾಕದೆ ಅವನಿಗೆ ತಕ್ಕ ಅಡುಗೆ ಮಾಡಿದ ಆ ಸೌಜನ್ಯ ದೊಡ್ಡದು. ಕರ್ನಾಟಕ ಸರ್ಕಾರ 2014ರಲ್ಲಿ ಬಡ ಹಿರಿಯರಿಗೆ ಪುಕ್ಕಟೆ ಹಲ್ಲುಸೆಟ್ಟು ಕೊಡುವ ‘ದಂತಭಾಗ್ಯ’ ತಂದದ್ದೂ ಅಂಥದೇ ಕೆಲಸ. ಆದರೆ ಈ ಎರಡೂ, ಹಲ್ಲು ಬಿದ್ದಮೇಲಿನ ಮಾತು.

ಶಾಸ್ತ್ರಗಳು ಮುಂಚಿನ ಮಾತನ್ನು ಆಡಲಿಲ್ಲವೇ? ಆಡಿದವು, ಧಾರಾಳವಾಗಿ. ದಿನಕ್ಕೆ ಎರಡು ಹೊತ್ತು ಹಲ್ಲುಜ್ಜು ಎಂದು ಚರಕ ಹೇಳುತ್ತಾನೆ. ಒಗರು, ಖಾರ, ಕಹಿ ರುಚಿಯ ಹೊಂಗೆ, ಕಣಗಿಲೆ, ಎಕ್ಕದಂಥ ಕಡ್ಡಿಗಳನ್ನು ಹೆಸರಿಸುತ್ತಾನೆ. ಬುದ್ಧ ಭಿಕ್ಷುಗಳಿಗೆ ದಂತಕಾಷ್ಠವನ್ನು ಅನುಮತಿಸಿ, ಅದನ್ನು ಬಿಟ್ಟರೆ ಆಗುವ ಐದು ಕೆಡುಕುಗಳನ್ನು ಎಣಿಸಿದ್ದು ವಿನಯಪಿಟಕದಲ್ಲಿದೆ, ಬಾಯಿವಾಸನೆ ಅವುಗಳಲ್ಲೊಂದು. ಮುಸ್ಲಿಮರಲ್ಲಿ ನಮಾಜಿಗೆ ಮುನ್ನ ಮಿಸ್ವಾಕ್ ಮಾಡುವುದು ಪುಣ್ಯದ ಕೆಲಸ. ಶ್ರಾದ್ಧ ಮತ್ತು ಕೆಲವು ತಿಥಿಗಳಲ್ಲಿ ಕಡ್ಡಿ ನಿಷಿದ್ಧವಾದರೂ ಧರ್ಮಶಾಸ್ತ್ರ ಬಾಯಿಯನ್ನು ಹಾಗೇ ಬಿಡುವುದಿಲ್ಲ, ಹನ್ನೆರಡು ಬಾರಿ ಮುಕ್ಕಳಿಸು ಎನ್ನುತ್ತದೆ. ಸುಶ್ರುತನಂತೂ ಬಾಯಿಯ 65 ರೋಗಗಳನ್ನು ತುಟಿ, ಒಸಡು, ಹಲ್ಲು, ನಾಲಿಗೆ, ಅಂಗಳ, ಗಂಟಲು ಮತ್ತು ಇಡೀ ಬಾಯಿ ಎಂದು ಏಳು ಠಾವುಗಳಲ್ಲಿ ವಿಂಗಡಿಸಿದ. ಸುಮ್ಮಸುಮ್ಮನೆ ರಕ್ತ ಒಸರುವ ಒಸಡಿಗೂ, ಹಲ್ಲಿಗೆ ಕಟ್ಟುವ ಕಲ್ಲಿಗೂ ಅವನಲ್ಲಿ ಬೇರೆಬೇರೆ ಹೆಸರಿವೆ. ರೋಗ ಪೂರ್ತಿ ಕಾಣಿಸಿಕೊಳ್ಳುವ ಮುಂಚಿನ ಚಿಹ್ನೆಗಳನ್ನು ಪೂರ್ವರೂಪ ಎಂದು ಪ್ರತ್ಯೇಕವಾಗಿ ಗುರುತಿಸುವುದು ಆಯುರ್ವೇದದ ರೋಗನಿರ್ಣಯದ ಐದು ಅಂಗಗಳಲ್ಲಿ ಒಂದು.

ವೈದ್ಯನ ಪುಸ್ತಕದಲ್ಲಿದ್ದ ಈ ನೋಟ ಮನೆಯ ಆಚಾರಕ್ಕೆ ಇಳಿಯಲಿಲ್ಲ. ಆಚಾರಕ್ಕೆ ಇಳಿದದ್ದು ತೊಳೆಯುವುದು ಮಾತ್ರ. ತೊಳೆಯುವ ಕೈಗೆ ಕಣ್ಣು ಇರಬೇಕಾಗಿಲ್ಲ. ಮುಖ ತೊಳೆದು, ವಿಭೂತಿಯೋ ನಾಮವೋ ಇಟ್ಟುಕೊಳ್ಳಲು ಕನ್ನಡಿಯ ಮುಂದೆ ನಿಲ್ಲುವವರು ಅದೇ ಕನ್ನಡಿಯಲ್ಲಿ ನಾಲಿಗೆ ಎತ್ತಿ ನೋಡುವುದಿಲ್ಲ. ದೇಹದ ಒಳಭಾಗಗಳಲ್ಲಿ ಯಂತ್ರದ ಹಂಗಿಲ್ಲದೆ ಕಾಣಸಿಗುವುದು ಬಾಯಿ. ಲಿವರನ್ನು ನೋಡಬೇಕಾದರೆ ಸ್ಕ್ಯಾನಿಂಗ್ ಬೇಕು. ಕೆನ್ನೆಯ ಒಳಗೋಡೆಗೆ ಮೊಬೈಲಿನ ಬೆಳಕು ಸಾಕು.

ಶುಚಿಯ ಬಗ್ಗೆ ತದ್ವಿರುದ್ಧ ನಿಲುವೂ ಇಲ್ಲೇ ಹತ್ತಿರದಲ್ಲಿದೆ. ಮದ್ದೂರು ತಾಲ್ಲೂಕಿನದೇ ಆದ ಅರೆತಿಪ್ಪೂರು ಹಳೆಯ ಜೈನ ನೆಲೆ. ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು: ಹಲ್ಲುಜ್ಜದಿರುವುದೇ ವ್ರತ. ದೇಹದ ಮೇಲಿನ ಮಮಕಾರ ಕಳೆಯಬೇಕೆಂಬುದು ಅದರ ತಾತ್ಪರ್ಯ. ಹಾಗಾದರೆ ಬಾಯಿಯನ್ನು ಇಣುಕಿ ಇಣುಕಿ ನೋಡುವುದು ದೇಹಮೋಹವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದೇ 28ರಲ್ಲಿ ದಿನಕ್ಕೆ ಒಂದೇ ಊಟ ಎಂಬುದೂ ಇದೆ ಎನ್ನುವುದನ್ನು ಮರೆಯಬಾರದು. ಹಲ್ಲನ್ನು ಕೆಡಿಸುವುದರಲ್ಲಿ ಎಷ್ಟು ಸಿಹಿ ಎನ್ನುವುದಕ್ಕಿಂತ ಎಷ್ಟು ಸಲ ಸಿಹಿ ಎನ್ನುವುದು ದೊಡ್ಡದು. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಅಂಟು ಮಿಠಾಯಿಯನ್ನು ಊಟದ ನಡುವೆ ತಿನ್ನಿಸಿ ಇದನ್ನು ತೋರಿಸಿದರು. ಪ್ರಯೋಗಕ್ಕೆ ಗುರಿಯಾದವರು ಬೇಡವೆನ್ನಲು ಬಾರದ ಬುದ್ಧಿಮಾಂದ್ಯರು. ಆ ಜ್ಞಾನಕ್ಕೆ ಅಂಟಿದ ಕಳಂಕ ಇಂದಿಗೂ ಹೋಗಿಲ್ಲ. ಮುನಿಯ ಬಾಯಿಗೆ ದಿನಕ್ಕೊಮ್ಮೆ ಆಹಾರ. ಗಂಟೆಗೊಮ್ಮೆ ಸಕ್ಕರೆ ಕಾಫಿ, ಅದರ ಮಧ್ಯೆ ಬಿಸ್ಕತ್ತು ತಿನ್ನುವ ಗೃಹಸ್ಥ ಆ ವ್ರತದ ಅರ್ಧವನ್ನಷ್ಟೇ ಎತ್ತಿಕೊಂಡು ವೈರಾಗ್ಯದ ಮಾತಾಡುವಂತಿಲ್ಲ.

ಇನ್ನು ಎಲೆಅಡಿಕೆ. ಇಲ್ಲಿ ಮಾತು ನಾಜೂಕಾಗುತ್ತದೆ.

ತಾಂಬೂಲವಿಲ್ಲದೆ ನಮ್ಮಲ್ಲಿ ಒಂದು ಶುಭಕಾರ್ಯವೂ ನಡೆಯದು. ಕಲಶದ ಪಕ್ಕದಲ್ಲಿ, ಮುತ್ತೈದೆಯ ಮಡಿಲಲ್ಲಿ, ನಿಶ್ಚಿತಾರ್ಥದ ತಟ್ಟೆಯಲ್ಲಿ, ಸತ್ತವರ ಮನೆಯ ಹನ್ನೊಂದನೇ ದಿನದಲ್ಲಿ ಎಲ್ಲೆಲ್ಲೂ ಅದು. ಬಾಯಿಯ ಘಮಕ್ಕೆ ಅಡಿಕೆ, ಲವಂಗ, ಏಲಕ್ಕಿ, ಕರ್ಪೂರವನ್ನು ವೀಳ್ಯದೆಲೆಯೊಡನೆ ಇಟ್ಟುಕೊಳ್ಳಲು ಚರಕನೂ ಹೇಳಿದ್ದಾನೆ. ಇಂಥ ಮಂಗಳದ್ರವ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ, ತಂಬಾಕು ಸೇರದಿದ್ದರೂ ಸಹ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿತು. ಬೆಳೆಗಾರರಿಗೆ ಇದು ಕಹಿ ಮಾತು, ಭಕ್ತರಿಗೆ ಅಪಚಾರದ ಮಾತು. ಆದರೂ ಎರಡನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ದೇವರ ಮುಂದಿಡುವುದು ಒಂದು, ದಿನವಿಡೀ ದವಡೆಯಲ್ಲಿ ಇಟ್ಟುಕೊಳ್ಳುವುದು ಇನ್ನೊಂದು. ತಾಂಬೂಲವನ್ನು ಕೊಂಡಾಡಿದ ಧರ್ಮಶಾಸ್ತ್ರವೇ ಯತಿಗೂ ಬ್ರಹ್ಮಚಾರಿಗೂ ಅದನ್ನು ನಿಷೇಧಿಸಿತು. ಅದು ಭೋಗವೆಂಬ ಅರಿವು ಹಳಬರಿಗೆ ಇತ್ತು. ಕಡ್ಡಿಪುಡಿಗಂತೂ ಯಾವ ಶಾಸ್ತ್ರದ ಆಸರೆಯೂ ಇಲ್ಲ, ಏಕೆಂದರೆ ಹೊಗೆಸೊಪ್ಪು ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಕಾಲದಲ್ಲಿ. ಎಲೆಅಡಿಕೆಯ ಮಡಿಲಲ್ಲಿ ಕೂತು ಅದೂ ದೇವರ ಮನೆಯವರೆಗೆ ಬಂದಂತೆ ನಟಿಸಿತು, ಅಷ್ಟೇ. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇ. 21.4ರಷ್ಟು ಜನ ಹೊಗೆರಹಿತ ತಂಬಾಕು ಬಳಸುವವರು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಅಂಗಡಿಯ ಮುಂದೆ ತೂಗುವುದನ್ನು ಯಾರು ಬೇಕಾದರೂ ಕಾಣಬಹುದು.

ಅಡಿಕೆಯಿಂದ ಬರುವ ಒಂದು ಕಾಯಿಲೆ ಹೇಗೆ ಮನೆಯೊಳಗೆ ತಲೆಮರೆಸಿಕೊಂಡು ಇರುತ್ತದೆ ಎಂಬುದನ್ನು ನೋಡಬೇಕು. ಸಾರು ಖಾರ ಎಂದು ಗಂಡ ಸಿಡುಕುತ್ತಾನೆ. ಮರುದಿನ ಮೆಣಸಿನಕಾಯಿ ಕಡಿಮೆಯಾಗುತ್ತದೆ. ಆದರೂ ಖಾರ. ಕೊನೆಗೆ ಮಕ್ಕಳಿಗೂ ಸಪ್ಪೆ ಎನಿಸುವ ಸಾರು ಅವನಿಗೆ ಉರಿ. ಮನೆಯವರು ‘ವಯಸ್ಸಾಯ್ತು’ ಎಂದುಕೊಂಡು ಮಜ್ಜಿಗೆ ಅನ್ನಕ್ಕೆ ಒಗ್ಗಿಕೊಳ್ಳುತ್ತಾರೆ. ಅಡುಗೆಯಲ್ಲಿ ದೋಷವಿರಲಿಲ್ಲ, ಕೆನ್ನೆಯ ಒಳಪೊರೆ ಬಿಳಿಚಿ, ನಾರುಗಟ್ಟಿ, ಬಿಗಿಯಾಗುತ್ತಿತ್ತು. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ವೈದ್ಯರು ಕರೆಯುವ ಈ ಸ್ಥಿತಿಯನ್ನು 1952ರಲ್ಲಿ ಆಧುನಿಕ ವೈದ್ಯ ಸಾಹಿತ್ಯದಲ್ಲಿ ಮೊದಲು ವಿವರಿಸಿದ್ದು ಆಫ್ರಿಕಾದ ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ. ಪರೀಕ್ಷೆ ಸುಲಭ: ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಬೇಕು. ಎರಡೇ ಬೆರಳು ಹಿಡಿದರೆ, ಆಕಳಿಕೆ ಅರ್ಧಕ್ಕೇ ನಿಂತರೆ, ದೊಡ್ಡ ತುತ್ತು ಬಾಯಿಗೆ ಹೋಗದಿದ್ದರೆ ಅಡಿಕೆಯನ್ನು ಅಂದೇ ನಿಲ್ಲಿಸಿ ತೋರಿಸಬೇಕು. ಒಮ್ಮೆ ಬಿಗಿದ ಪೊರೆ ಮೊದಲಿನಂತೆ ಸಡಿಲವಾಗುವುದು ಕಷ್ಟ, ಮತ್ತು ಅದರಲ್ಲಿ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ.

ಬಾಯಿಯ ಹುಣ್ಣಿಗೆ ನಮ್ಮಲ್ಲಿ ಸಿದ್ಧ ವಿವರಣೆಯೊಂದಿದೆ: ಉಷ್ಣ. “ಏನೂ ಇಲ್ಲ ಕಣಮ್ಮ, ಉಷ್ಣ ಆಗದೆ. ಎಳನೀರು ಕುಡುದ್ರೆ ಹೋಯ್ತದೆ.” ಎಳನೀರಿಗೆ ಹೆಸರಾದ ಮದ್ದೂರಿನಲ್ಲಿ ಈ ಮದ್ದಿಗೆ ಬರವಿಲ್ಲ, ಮತ್ತು ಹೆಚ್ಚಿನ ಹುಣ್ಣುಗಳು ಎಳನೀರು ಕುಡಿದರೂ ಕುಡಿಯದಿದ್ದರೂ ಒಂದೆರಡು ವಾರದಲ್ಲಿ ಮಾಯುತ್ತವೆ. ಆ ಹುಣ್ಣುಗಳು ಬಲು ನೋಯುತ್ತವೆ ಎನ್ನುವುದನ್ನು ಗಮನಿಸಬೇಕು. ಅಪಾಯದ ಹುಣ್ಣು ಮೊದಮೊದಲು ಬಹಳ ಸಲ ನೋಯುವುದೇ ಇಲ್ಲ. ಎಂದರೆ ಇಲ್ಲಿ ನೋವಿನ ಸಾಕ್ಷ್ಯ ತಲೆಕೆಳಗು. ಉಷ್ಣವೆಂಬ ಮಾತಿನ ತೊಂದರೆ ಅದು ಹಳೆಯದು ಎಂಬುದಲ್ಲ, ಅದಕ್ಕೆ ಅವಧಿಯಿಲ್ಲ ಎಂಬುದು. ಎಷ್ಟು ದಿನ ಮಾಯದಿದ್ದರೆ ಉಷ್ಣವಲ್ಲ ಎಂದು ಯಾರೂ ಹೇಳಿಲ್ಲ. ವೈದ್ಯಶಾಸ್ತ್ರ ಹೇಳುತ್ತದೆ: ಎರಡು ವಾರ. ಅಷ್ಟರಲ್ಲಿ ವಾಸಿಯಾಗದ ಹುಣ್ಣು, ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚು ಅನುಮಾನಪಡಬೇಕಾದ ಕೆಂಪು ಮಚ್ಚೆ, ಕಡ್ಡಿಪುಡಿ ಇಟ್ಟುಕೊಳ್ಳುವ ದವಡೆಯ ಸಂದಿನಲ್ಲಿ ಕೈಗೆ ಸಿಗುವ ಗಂಟು, ಕಾರಣವಿಲ್ಲದೆ ಅಲ್ಲಾಡತೊಡಗಿದ ಒಂದೇ ಹಲ್ಲು, ತುಟಿ ಅಥವಾ ನಾಲಿಗೆಯ ಜೋಮು, ಕತ್ತಿನಲ್ಲಿ ಗಡ್ಡೆ, ಬದಲಾದ ದನಿ. ಇವು ಇದ್ದರೆ ಕ್ಯಾನ್ಸರ್ ಎಂದೇ ಅಲ್ಲ. ನೋಡಿ ತೀರ್ಮಾನಿಸಬೇಕಾದವರು ವೈದ್ಯರು ಎಂದಷ್ಟೇ. ಹಾಗೆಯೇ ಎದೆಯೊತ್ತುವುದರ ಜೊತೆಗೆ ಕೆಳದವಡೆಗೆ ಹಬ್ಬುವ ನೋವು ಬಂದರೆ ಹಲ್ಲಿನ ಡಾಕ್ಟರಲ್ಲ, ಹೃದಯದ ಡಾಕ್ಟರು ಬೇಕು.

2022ರ ಗ್ಲೋಬೊಕಾನ್ ಎಂಬ ಜಾಗತಿಕ ಕ್ಯಾನ್ಸರ್ ಅಂದಾಜಿನಲ್ಲಿ ಭಾರತದ ಗಂಡಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಬಾಯಿಯದು. ಕಣ್ಣಿಗೆ ಕಾಣುವ ಜಾಗದ ಕ್ಯಾನ್ಸರೇ ಪಟ್ಟಿಯ ತುದಿಯಲ್ಲಿ ಕೂತಿರುವುದಕ್ಕೆ ಅಜ್ಞಾನವೊಂದೇ ಕಾರಣವಾಗಲಾರದು. ತಿಳಿಯಬಾರದೆಂಬ ಆಸೆಯೂ ಅದರಲ್ಲಿದೆ. ಮಚ್ಚೆ ಕಂಡವನು ಬಾಯಿ ಮುಚ್ಚಿಕೊಳ್ಳುತ್ತಾನೆ. ‘ಹಣೇಲಿ ಬರ್ದಿದ್ದು ಆಯ್ತದೆ’ ಎನ್ನುವ ಮಾತು ಅವನ ನೆರವಿಗೆ ಬರುತ್ತದೆ. ಆ ಮಾತನ್ನು ಧರ್ಮ ಎನ್ನುವವರು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯ ಓದಬೇಕು. ಆಯುಸ್ಸು ನಿಗದಿಯೋ ಅಲ್ಲವೋ ಎಂದು ಅಗ್ನಿವೇಶ ಕೇಳುತ್ತಾನೆ. ಗುರು ಆತ್ರೇಯನ ಉತ್ತರ ಖಚಿತ: ದೈವವೂ ಪುರುಷಪ್ರಯತ್ನವೂ ಕೂಡಿ ಆಯುಸ್ಸು. ಎಲ್ಲವೂ ನಿಗದಿಯಾಗಿದ್ದರೆ ಔಷಧವೂ ಬೇಡ, ಮಂತ್ರವೂ ಬೇಡ, ಕ್ರೂರ ಮೃಗ ಎದುರಾದರೆ ದಾರಿ ಬಿಡುವುದೂ ಬೇಡವಲ್ಲ! ಗೀತೆಯ ಹದಿಮೂರನೆಯ ಅಧ್ಯಾಯವೂ ಹುಟ್ಟು, ಸಾವು, ಮುಪ್ಪು, ರೋಗಗಳ ದೋಷವನ್ನು ಮತ್ತೆ ಮತ್ತೆ ಕಾಣುವುದನ್ನು ಜ್ಞಾನದ ಲಕ್ಷಣಗಳಲ್ಲಿ ಸೇರಿಸುತ್ತದೆ. ವೇದಾಂತಿಗಳು ಅದನ್ನು ವೈರಾಗ್ಯಕ್ಕೆ ಹೇಳಿದರು, ನಿಜ. ಆದರೂ ಕಣ್ಣು ಮುಚ್ಚುವುದನ್ನು ಜ್ಞಾನವೆಂದು ಅವರೂ ಕರೆಯಲಿಲ್ಲ.

ಕಣ್ಣು ತೆರೆದರೆ ಉಪಯೋಗವಿದೆಯೇ ಎನ್ನುವುದಕ್ಕೆ ಪಕ್ಕದ ಕೇರಳದಲ್ಲಿ ಉತ್ತರ ಸಿಕ್ಕಿದೆ. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಸುಮಾರು 1.9 ಲಕ್ಷ ಜನರ ಮೇಲೆ ದೊಡ್ಡ ಅಧ್ಯಯನವೊಂದು ನಡೆಯಿತು. ಅರ್ಧದಷ್ಟು ಜನರ ಬಾಯಿಯನ್ನು ಮೂರು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ನೋಡಿದರು. ನೋಡಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು. ನಮ್ಮ ಹಳ್ಳಿಗಳಲ್ಲೂ 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ತರುವ ನಮೂನೆಯಲ್ಲಿ ಇವೇ ಪ್ರಶ್ನೆಗಳಿವೆ: ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ, ಎರಡು ವಾರದಲ್ಲಿ ಮಾಯದ ಹುಣ್ಣಿದೆಯೇ, ದನಿ ಬದಲಾಗಿದೆಯೇ. “ಎಲ್ಲಿ ಆ ಅನ್ನಿ ಅಣ್ಣ” ಎಂದು ಅವಳು ಕೇಳಿದಾಗ ನಾಚಿಕೊಂಡು ‘ಇಲ್ಲ ಅಂತ ಬರ್ಕೊಳಮ್ಮ’ ಎನ್ನುವವರು ಅವಳಿಗೆ ಹೊಸಬರಲ್ಲ.

ಕೇರಳದ ಅಧ್ಯಯನದಲ್ಲಿ ಅಷ್ಟಾಗಿ ಚರ್ಚೆಯಾಗದ ಇನ್ನೊಂದು ಅಂಕಿಯಿದೆ. ಬಾಯಲ್ಲಿ ಅನುಮಾನದ ಗುರುತು ಇದೆ, ಹೋಗಿ ತೋರಿಸಿ ಎಂದು ಹೇಳಿಸಿಕೊಂಡವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತಲೂ ಹೆಚ್ಚು ಜನ ಡಾಕ್ಟರ ಬಳಿ ಹೋಗಲೇ ಇಲ್ಲ. ಇವರು ಚಾರ್ವಾಕರಲ್ಲ, ಗುರುತನ್ನು ಕಂಡಿದ್ದರು, ಅದರ ಅರ್ಥವನ್ನೂ ಕೇಳಿದ್ದರು. ಪ್ರಮಾಣ ಯಾವುದು ಎಂಬ ತರ್ಕಕ್ಕೆ ಇಲ್ಲಿ ಕೆಲಸವಿಲ್ಲ. ಒಂದು ದಿನದ ಕೂಲಿ, ‘ಅದೇ ಕಾಯಿಲೆ’ ಎಂದು ಊರಿಗೆ ಗೊತ್ತಾಗುವ ಅಂಜಿಕೆ, ಮದ್ದೂರಿನ ಆಸ್ಪತ್ರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿಬಿಟ್ಟಾರೆಂಬ ದಿಗಿಲು, ಮೇಲಿನ ದವಡೆಯ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ ಎಂಬ ಹುಸಿ ನಂಬಿಕೆ: ತಡೆಯುವುದು ಇವು. ಚೀಟಿ ಬರೆದುಕೊಟ್ಟವರ ಹೊಣೆ ಅಲ್ಲಿಗೆ ತೀರಿತು ಎನ್ನುವಂತಿಲ್ಲ, ಪಕ್ಕದಲ್ಲಿ ಕೂತು ಕೇಳಿಸಿಕೊಂಡ ಮನೆಯವರದ್ದೂ ತೀರುವುದಿಲ್ಲ. ಯಾವ ದಿನ ಹೋಗುವುದು, ಅವತ್ತಿನ ಹಸು ಎಮ್ಮೆ ಯಾರು ನೋಡಿಕೊಳ್ಳುವುದು, ಜೊತೆಗೆ ಮಗನೋ ಅಳಿಯನೋ, ಎಷ್ಟು ಗಂಟೆಯ ಬಸ್ಸು ಎಂಬುದು ಅದೇ ಜಗಲಿಯ ಮೇಲೆ, ಆಶಾ ಕಾರ್ಯಕರ್ತೆ ಏಳುವ ಮೊದಲೇ ತೀರ್ಮಾನವಾಗಬೇಕು.